ಒಂಬತ್ತು ತಿಂಗಳ ಕೂಸಿಗೆ ನಾಲ್ಕು ಸೂಜಿ

2023ರ ಜನವರಿಯಲ್ಲಿ ಪೋಲಿಯೊ ಚುಚ್ಚುಮದ್ದಿಗೆ ಮೂರನೇ ಡೋಸ್ ಸೇರಿತು. ಅಲ್ಲಿಯವರೆಗೆ ಆರು ವಾರಕ್ಕೊಂದು, ಹದಿನಾಲ್ಕು ವಾರಕ್ಕೊಂದು ಹಾಕುತ್ತಿದ್ದೆವು. ಇನ್ಮೇಲೆ ಒಂಬತ್ತು ತಿಂಗಳು ತುಂಬಿದಾಗ ಇನ್ನೊಂದು ಹಾಕಬೇಕು ಅಂತ ಮೀಟಿಂಗಿನಲ್ಲಿ ಹೇಳಿದರು. ಬರೆದುಕೊಂಡೆ. ಆಮೇಲೆ ಬೆರಳು ಮಡಚಿ ಎಣಿಸಿದೆ. ದಡಾರ-ರುಬೆಲ್ಲಾ ಒಂದು, ಮೆದುಳು ಜ್ವರದ್ದು ಒಂದು, ನ್ಯುಮೋನಿಯಾ ತಡೆಯುವ ಪಿಸಿವಿ ಬೂಸ್ಟರ್ ಒಂದು, ಈಗ ಈ ಪೋಲಿಯೊ. ಎರಡು ತೋಳು, ಎರಡು ತೊಡೆ, ಒಂದೇ ದಿನ ನಾಲ್ಕು ಸೂಜಿ. ಜೊತೆಗೆ ಬಾಯಿಗೆ ವಿಟಮಿನ್ ಎ.

ನಾನು ಮಂಡ್ಯ ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್ ಆಗಿ ಕೆಲಸ ಮಾಡುತ್ತೇನೆ. ನನ್ನ ಸರ್ವೀಸಿನಲ್ಲಿ ಬದಲಾವಣೆ ಹೊಸದೇನಲ್ಲ. ಐದು ರೋಗಕ್ಕೆ ಒಂದೇ ಸೂಜಿಯ ಪೆಂಟಾ ಬಂತು. 2016ರ ಏಪ್ರಿಲ್ 25ರಂದು ಹಳೆಯ ಪೋಲಿಯೊ ಹನಿ ಹೋಗಿ ಹೊಸದು ಬಂತು. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮಾಡಿದೆವು, ಆಮೇಲೆ ಭೇದಿ ತಡೆಯುವ ರೋಟಾ, ಪಿಸಿವಿ. ಪ್ರತಿ ಸಲವೂ ಟ್ರೈನಿಂಗ್ ಒಂದು ದಿನದಲ್ಲಿ ಮುಗಿಯುತ್ತದೆ. ತಾಯಂದಿರಿಗೆ ಒಪ್ಪಿಸೋಕೆ ಮಾತ್ರ ತಿಂಗಳುಗಟ್ಟಲೆ ಬೇಕು.

ಮೊದಲ ಗುರುವಾರವೇ ಎಡವಿದೆ. ಅಂಗನವಾಡಿಯಲ್ಲಿ ಲಸಿಕೆ ಹಾಕುತ್ತಿದ್ದೆ. ಎರಡು ಸೂಜಿ ಆಗುತ್ತಿದ್ದಂತೆ ಅಜ್ಜಿ ಎದ್ದು ಬಂದು ಮಗುವನ್ನು ಎತ್ತಿಕೊಂಡುಬಿಟ್ಟರು. "ಏನ್ ಸಿಸ್ಟ್ರೇ, ಒಂದೇ ದಿನ ನಾಕು ಸೂಜಿನಾ? ಕೂಸು ತಡೀತದಾ? ಉಳಿದಿದ್ದು ಬರೋ ವಾರ ಹಾಕಿಸ್ತೀವಿ." ಸೊಸೆ ತಲೆ ಎತ್ತಲಿಲ್ಲ. ಬರೋ ವಾರ ಯಾರೂ ಬರಲಿಲ್ಲ. ನಾಲ್ಕನೇ ವಾರ ನಾನೇ ಮನೆಗೆ ಹೋದೆ.

ಆ ಮನೆ ಜಗುಲಿಯ ಮೇಲೆ ಕೂತಾಗ ಒಂದು ವಿಷಯ ಗೊತ್ತಾಯಿತು. ಅಜ್ಜಿಗೆ ಲಸಿಕೆ ಬಗ್ಗೆ ಏನೂ ಕೋಪ ಇರಲಿಲ್ಲ. ನಾಲ್ಕು ಅಂತ ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೇ. ಮಗು ಚೀರುವಾಗ ಹೇಳಿದರೆ ಯಾರ ಕಿವಿಗೆ ಬೀಳುತ್ತೆ? ತಪ್ಪು ನನ್ನದೇ.

ಅಂದಿನಿಂದ ಹದಿನಾಲ್ಕು ವಾರದ ಲಸಿಕೆಗೆ ಬಂದಾಗಲೇ ಹೇಳಿ ಕಳಿಸುತ್ತೇನೆ. ತಾಯಿಯ ಕೈ ಹಿಡಿದು ತೋರಿಸುತ್ತೇನೆ: ಇಲ್ಲೊಂದು, ಇಲ್ಲೊಂದು, ತೊಡೆಗೆ ಎರಡು. ಬುಧವಾರ ಆಶಾ ಡ್ಯೂ ಲಿಸ್ಟ್ (ಲಸಿಕೆ ಹಾಕಬೇಕಾದ ಮಕ್ಕಳ ಪಟ್ಟಿ) ಹಿಡಿದು ಮನೆಗೆ ಹೋದಾಗ ಮತ್ತೊಮ್ಮೆ ಹೇಳುತ್ತಾರೆ. ಅತ್ತೆ ಮನೆಯಲ್ಲಿರುವಾಗಲೇ ಹೋಗಿ ಅಂದಿದ್ದೇನೆ, ಏಕೆಂದರೆ ಕೊನೆಗೆ ತೀರ್ಮಾನ ಅವರದ್ದು. "ಬಿಡಿಬಿಡಿಯಾಗಿ ಹಾಕಬಾರದಾ?" ಅಂತ ಕೇಳಿಯೇ ಕೇಳುತ್ತಾರೆ. ಒಂದೇ ದಿನ ಹಾಕಿದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರಲ್ಲ, ಮುಂದಕ್ಕೆ ಹಾಕಿದಷ್ಟು ದಿನ ಮಗುವಿಗೆ ರಕ್ಷಣೆ ಇರಲ್ಲ ಅಂತ ಹೇಳುತ್ತೇನೆ. ಅದಕ್ಕಿಂತ ಜಾಸ್ತಿ ಹೇಳೋಕೆ ಹೋಗಲ್ಲ.

ಹಾಕುವಾಗಲೂ ಒಂದು ಕ್ರಮ ಮಾಡಿಕೊಂಡಿದ್ದೇನೆ. ತಾಯಿ ಮಗುವನ್ನು ತೊಡೆ ಮೇಲೆ ಅಪ್ಪಿ ಕೂರಬೇಕು. ನಾಲ್ಕು ಸಿರಿಂಜೂ ಆ ಮಗು ಎದುರಿಗೆ ಬಂದ ಮೇಲೇ ತುಂಬುತ್ತೇನೆ. ಮೊದಲು ಪೋಲಿಯೊ. ಅದು ಬರೀ 0.1 ಎಂಎಲ್, ಎಡತೋಳಿನ ಚರ್ಮದಲ್ಲೇ ನಿಲ್ಲಬೇಕು. ಎಡಗೈಯಿಂದ ಚರ್ಮ ಬಿಗಿ ಮಾಡಿ, ಸೂಜಿಯನ್ನು ಹೆಚ್ಚುಕಡಿಮೆ ಮಲಗಿಸಿಯೇ ತೂರಿಸುತ್ತೇನೆ. ಕಾಳಿನಷ್ಟು ಗುಳ್ಳೆ ಎದ್ದು, ಅದರ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿ ಕಂಡರೆ ಸರಿಯಾಗಿದೆ ಅಂತ. ಈ ಕೆಲಸಕ್ಕೆ ಮಗುವಿನ ತೋಳು ಅಲುಗಬಾರದು, ಅದಕ್ಕೇ ಅಳು ಜೋರಾಗುವ ಮುಂಚೆ ಮುಗಿಸುತ್ತೇನೆ. ಪಿಸಿವಿ ಕೊನೆಗೆ. ಅದಕ್ಕೆ ಮಕ್ಕಳು ಜಾಸ್ತಿ ಅಳುತ್ತವೆ, ನಾನು ನೋಡಿರೋದು ಹಾಗೆ.

ಜ್ವರದ ವಿಷಯ ಬಿಡಿಸಿ ಹೇಳಲೇಬೇಕು. ಪಿಸಿವಿ ಜ್ವರ ಅವತ್ತು ರಾತ್ರಿಯೋ ಮಾರನೇ ದಿನವೋ ಬರುತ್ತೆ. ದಡಾರ ಲಸಿಕೆಯದ್ದು ಒಂದು ವಾರ ಬಿಟ್ಟು ಬರಬಹುದು, ಸಣ್ಣ ಗಂಧೆಯೂ ಏಳಬಹುದು. ಹೇಳದಿದ್ದರೆ ತಾಯಿ ಗಾಬರಿಯಾಗುತ್ತಾಳೆ. ಹೇಳಿದ್ದರೆ "ಸಿಸ್ಟರ್ ಅಂದಿದ್ರಲ್ಲ" ಅಂತ ಸುಮ್ಮನಿರುತ್ತಾಳೆ. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುತ್ತೇವೆ. ಈ ಮಾತಿಗೆಲ್ಲ ಆ ಅರ್ಧ ಗಂಟೆಯೇ ಸರಿಯಾದ ಹೊತ್ತು.

ಲಸಿಕೆ ತಣ್ಣಗೆ ಒಯ್ಯುವ ಪೆಟ್ಟಿಗೆ, ಅಂದರೆ ಕ್ಯಾರಿಯರ್ ಬಗ್ಗೆ ಹೊಸ ಸಿಸ್ಟರ್‌ಗಳಿಗೆ ಒಂದು ಮಾತು. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ಹಾಗೇ ತುಂಬಬೇಡಿ. ಹೊರಗಿಟ್ಟು ಬೆವರಲು ಬಿಡಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು. ಕೆಲಸಕ್ಕೆ ಸೇರಿದ ಶುರುವಿನಲ್ಲಿ ಅವಸರ ಮಾಡಿ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ವಯಲ್‌ಗಳು, ಅಂದರೆ ಸೀಸೆಗಳು, ಹೆಪ್ಪುಗಟ್ಟಿದ್ದವು. ವಯಲ್ ಮೇಲಿನ ವಿವಿಎಂ ಗುರುತು ಸರಿಯಾಗಿಯೇ ಇತ್ತು. ಆ ಗುರುತು ಬಿಸಿಯನ್ನು ತೋರಿಸುತ್ತೆ, ಹೆಪ್ಪುಗಟ್ಟಿದ್ದನ್ನು ತೋರಿಸಲ್ಲ. ಅವತ್ತು ಅಷ್ಟನ್ನೂ ಎಸೆದು, ಬಂದ ತಾಯಂದಿರಿಗೆ ಕೈಮುಗಿದು ವಾಪಸ್ ಕಳಿಸಿದೆ. ಆ ಮುಖಗಳು ಇನ್ನೂ ಕಣ್ಣ ಮುಂದಿವೆ.

ದಡಾರ ಲಸಿಕೆಯ ಪುಡಿಯನ್ನು ದ್ರವದಲ್ಲಿ ಕಲಸಿದ ಮೇಲೆ ನಾಲ್ಕೇ ಗಂಟೆ ಬಳಸಬಹುದು. ಹೊತ್ತನ್ನು ವಯಲ್ ಮೇಲೇ ಬರೆಯುತ್ತೇನೆ. ಒಂದೇ ಮಗು ಬಂದಿದೆ, ಉಳಿದ ಡೋಸ್ ವೇಸ್ಟ್ ಆಗುತ್ತೆ ಅಂತ ಕೆಲವರು ಹಿಂದೆ ಮುಂದೆ ನೋಡುತ್ತಾರೆ. ನೋಡಬೇಡಿ, ವಯಲ್ ತೆರೆಯಿರಿ. ನಿಯಮವೂ ಅದನ್ನೇ ಹೇಳುತ್ತದೆ. ಕೂಲಿ ಬಿಟ್ಟು ಬಂದ ತಾಯಿ ಇನ್ನೊಂದು ದಿನ ಕೂಲಿ ಬಿಡುತ್ತಾಳೆ ಅಂತ ಏನು ಗ್ಯಾರಂಟಿ?

ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬರುವವರ ಬಿಡಾರಕ್ಕೆ ನಾವೇ ಹೋಗುತ್ತೇವೆ. ಲಸಿಕೆ ಬರೆದಿಡುವ ತಾಯಿ ಕಾರ್ಡ್ ಇದ್ದರೆ ಪುಣ್ಯ. ಇಲ್ಲದಿದ್ದರೆ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಯುವಿನ್‌ನಲ್ಲಿ ಹುಡುಕಬೇಕು, ಅಷ್ಟರಲ್ಲಿ ಫೋನ್ ನಂಬರ್ ಬದಲಾಗಿರುತ್ತೆ. ಎಡತೋಳಿನಲ್ಲಿ ಬಿಸಿಜಿ (ಕ್ಷಯದ ಲಸಿಕೆ) ಕಲೆ ನೋಡಿ, ತಾಯಿಯ ನೆನಪು ಕೆದಕಿ, ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಮುಂದುವರಿಸುತ್ತೇವೆ. ತಡವಾಯಿತು ಅಂತ ಮೊದಲಿನಿಂದ ಶುರು ಮಾಡುವುದಿಲ್ಲ.

ಹೋದ ಹಂಗಾಮಿನಲ್ಲಿ ಎಂಟು ತಿಂಗಳ ಮಗುವೊಂದಿತ್ತು. ಒಂಬತ್ತು ತುಂಬುವ ಮೊದಲೇ ಕಡಿತ ಮುಗಿದು ಅವರು ಊರಿಗೆ ಹೊರಟಿದ್ದರು. ಕಾರ್ಡ್ ಹಿಂದೆ ದೊಡ್ಡ ಅಕ್ಷರದಲ್ಲಿ "ಒಂಬತ್ತು ತಿಂಗಳಿಗೆ ನಾಲ್ಕು ಸೂಜಿ, ಬಾಯಿಗೆ ಒಂದು" ಅಂತ ಬರೆದು, ಕೆಳಗೆ ತಾರೀಖು, ನನ್ನ ನಂಬರ್ ಹಾಕಿಕೊಟ್ಟೆ. ತಾಯಿ ಅದನ್ನು ರೇಷನ್ ಕಾರ್ಡ್ ಇದ್ದ ಪ್ಲಾಸ್ಟಿಕ್ ಕವರಿಗೇ ಸೇರಿಸಿದಳು. ಆ ತಾರೀಖಿನ ಗುರುವಾರ ಮಧ್ಯಾಹ್ನ ಅವರೂರಿನ ಆಶಾ ಫೋನ್ ಮಾಡಿದರು. "ಮೇಡಂ, ಇಲ್ಲಿ ಬರೆದಿರೋ ನಾಕೂ ಇವತ್ತೇನಾ?" ಹೌದು, ಇವತ್ತೇ ಅಂದೆ.