ಪ್ರಿಂಟರ್‌ಗೊಂದು ಖಾಯಂ ವಿಳಾಸ

ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ಸಂಜೆ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳುತ್ತೇನೆ. ಪ್ರಶ್ನೆಪತ್ರಿಕೆಗೆ ಪ್ರತಿ ಸಲ ಜೆರಾಕ್ಸ್ ಅಂಗಡಿಗೆ ಹೋಗುವ ಬದಲು ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಆಗುವ ಆಲ್ ಇನ್ ಒನ್ ಪ್ರಿಂಟರ್ ತಂದೆವು. ವೈರು ಹಾಕಿದರೆ ಅದು ಒಂದೇ ಲ್ಯಾಪ್‌ಟಾಪಿನ ಪಾಲು. ಮನೆಯವರ ಮೊಬೈಲಿಂದಲೂ ಪ್ರಿಂಟ್ ಆಗಬೇಕು ಅಂದರೆ ವೈಫೈ ಬೇಕು. ವೈಫೈಗೆ ಸೇರಿಸುವುದು ಅಷ್ಟೇನೂ ಕಷ್ಟವಲ್ಲ. ಸೇರಿದ್ದು ತಪ್ಪಿಹೋಗದಂತೆ ನೋಡಿಕೊಳ್ಳುವುದರಲ್ಲೇ ಜಾಸ್ತಿ ಕೆಲಸ ಇರುವುದು.

ಮೊದಲು ರೂಟರ್ ನೋಡಿದೆ. ಈಗಿನ ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಜ್ ಅಂತ ಎರಡು ಬ್ಯಾಂಡ್ ಇರುತ್ತವೆ. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳಿಗೆ 2.4 ಮಾತ್ರ ಕಾಣುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಗೊಂದಲ, ಅದಕ್ಕೆ ನಾನು ಹೆಸರು ಬೇರೆ ಬೇರೆ ಮಾಡಿದೆ. ಗೋಡೆ ದಾಟಿ ಹೋಗುವುದರಲ್ಲೂ 2.4 ಮೇಲು. ನಮ್ಮ ರೂಟರ್ ಹಾಲ್‌ನಲ್ಲಿದೆ, ಪ್ರಿಂಟರ್ ಒಳಗಿನ ಕೋಣೆಯಲ್ಲಿ. ರೂಟರಿನ ಸೆಕ್ಯುರಿಟಿ, ಅಂದರೆ ವೈಫೈಗೆ ಹಾಕುವ ಬೀಗದ ಬಗೆ, ಬರೀ ಡಬ್ಲ್ಯುಪಿಎ3 ಅಂತಿದ್ದರೆ ಹಳೆಯ ಪ್ರಿಂಟರ್ ಸೇರುವುದಿಲ್ಲ, ಡಬ್ಲ್ಯುಪಿಎ2ಗೆ ಇಟ್ಟರೆ ಸಾಕು.

ಆಮೇಲೆ ಮೊಬೈಲಿನಲ್ಲಿ ಪ್ರಿಂಟರ್ ಕಂಪನಿಯ ಆ್ಯಪ್ ಹಾಕಿಕೊಂಡೆ. ಪ್ರಿಂಟರಿನ ವೈಫೈ ಗುಂಡಿಯ ದೀಪ ಮಿಣಮಿಣ ಅನ್ನುತ್ತಿದ್ದರೆ ಅದು ಕಾಯುತ್ತಿದೆ ಅಂತ ಅರ್ಥ. ಆ ಹೊತ್ತಿಗೆ ಅದು ತನ್ನದೇ ಒಂದು ಸಣ್ಣ ವೈಫೈ ಬಿಡುತ್ತದೆ, ಮೊಬೈಲ್ ಮೊದಲು ಅದಕ್ಕೆ ಸೇರುತ್ತದೆ. ಅದರಲ್ಲಿ ಇಂಟರ್ನೆಟ್ ಇರುವುದಿಲ್ಲವಲ್ಲ, ಮೊಬೈಲ್ ಸುಮ್ನೆ ಅದನ್ನು ಬಿಟ್ಟು ಡೇಟಾಕ್ಕೆ ಹಾರಿಬಿಡುತ್ತದೆ. ಅದಕ್ಕೇ ಮೊಬೈಲ್ ಡೇಟಾ ಆಫ್ ಮಾಡಿಕೊಂಡು ಕೂತೆ. ಆ್ಯಂಡ್ರಾಯ್ಡ್‌ನಲ್ಲಿ ಲೊಕೇಷನ್ ಆನ್ ಇರಬೇಕು, ಇಲ್ಲದಿದ್ದರೆ ಸುತ್ತಲಿನ ವೈಫೈ ಆ್ಯಪ್‌ಗೆ ಕಾಣುವುದೇ ಇಲ್ಲ. ಮನೆಯ ವೈಫೈ ಪಾಸ್‌ವರ್ಡ್ ಕೊಟ್ಟೆ, ಸ್ವಲ್ಪ ಹೊತ್ತಿಗೆ ದೀಪ ಮಿಣುಕುವುದು ಬಿಟ್ಟು ನಿಂತು ಉರಿಯಿತು. ರೂಟರಿನಲ್ಲಿ ಡಬ್ಲ್ಯುಪಿಎಸ್ ಗುಂಡಿ ಇದ್ದರೆ ಪಾಸ್‌ವರ್ಡೂ ಬೇಡ. ಒಂದು ಕಡೆ ಒತ್ತಿ ಎರಡು ನಿಮಿಷದೊಳಗೆ ಇನ್ನೊಂದು ಕಡೆ ಒತ್ತಿದರಾಯಿತು.

ಇಷ್ಟಕ್ಕೆ ಬಿಟ್ಟರೆ ಮುಂದೊಂದು ದಿನ ಕರೆಂಟ್ ಹೋಗಿ ಬಂದಾಗ ಪ್ರಿಂಟರ್ 'ಆಫ್‌ಲೈನ್' ಅನ್ನುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಗೊತ್ತೇ ಇದೆಯಲ್ವಾ? ಪ್ರಿಂಟರ್ ಕೆಟ್ಟಿರುವುದಿಲ್ಲ. ಮನೆಯ ಪ್ರತಿ ಯಂತ್ರಕ್ಕೂ ರೂಟರ್ ಒಂದು ಐಪಿ ವಿಳಾಸ ಹಂಚುತ್ತದೆ. ರೀಸ್ಟಾರ್ಟ್ ಆದಾಗ ಮೊದಲಿನ ವಿಳಾಸವೇ ಸಿಗುತ್ತದೆ ಅಂತ ಹೇಳಲಾಗದು. ನಿನ್ನೆ 192.168.1.5 ಇದ್ದ ಪ್ರಿಂಟರ್ ಇವತ್ತು 192.168.1.8 ಆಗಿರಬಹುದು. ಲ್ಯಾಪ್‌ಟಾಪ್ ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಇದಕ್ಕೆ ಮದ್ದು ರೂಟರಿನಲ್ಲೇ ಇದೆ. ಪ್ರಿಂಟರಿನಿಂದ ನೆಟ್‌ವರ್ಕ್ ರಿಪೋರ್ಟ್ ಹಾಳೆ ತೆಗೆದೆ. ಯಾವ ಗುಂಡಿ ಒತ್ತಬೇಕು ಅನ್ನುವುದು ಮಾಡೆಲಿಗೊಂದು ಥರ, ಪ್ರಿಂಟರ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಆ ಹಾಳೆಯಲ್ಲಿ ಮ್ಯಾಕ್ ಅಡ್ರೆಸ್ ಅಂತ ಎರಡೆರಡಾಗಿ ಆರು ಜೋಡಿ ಅಂಕಿ, ಅಕ್ಷರಗಳಿರುತ್ತವೆ. ಅದು ಆ ಯಂತ್ರಕ್ಕೆ ಕಂಪನಿಯೇ ಕೊಟ್ಟ ಗುರುತು, ಬದಲಾಗುವುದಿಲ್ಲ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ, ಅದರ ತಳದ ಚೀಟಿಯಲ್ಲಿದ್ದ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ. ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಭಾಗದಲ್ಲಿ, ಅಡ್ರೆಸ್ ರಿಸರ್ವೇಷನ್ (ಒಂದು ವಿಳಾಸವನ್ನು ಕಾದಿರಿಸುವುದು) ಅಂತ ಇತ್ತು. ಮ್ಯಾಕ್ ಅಡ್ರೆಸ್ ಬರೆದು, ಎದುರಿಗೆ 192.168.1.50 ಅಂತ ತುಂಬಿ ಸೇವ್ ಮಾಡಿದೆ. ರೂಟರ್, ಪ್ರಿಂಟರ್ ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ರಿಪೋರ್ಟ್ ಹಾಳೆ ತೆಗೆದು 50 ಬಂದಿದೆಯಾ ಅಂತ ನೋಡಿದೆ. ಬಂದಿತ್ತು.

ಕೊನೆಗೆ ವಿಂಡೋಸ್‌ನಲ್ಲಿ ಹಳೆಯ ಪ್ರಿಂಟರನ್ನು ತೆಗೆದು, ಟಿಸಿಪಿ/ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ಹಿಡಿದು ಇದೇ ನಂಬರ್ ಕೊಟ್ಟೆ. ಈಗ ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಪ್ರಿಂಟ್ ನಿಲ್ಲುವುದಿಲ್ಲ. ಮಕ್ಕಳ ಉತ್ತರಪತ್ರಿಕೆಯನ್ನು ಗಾಜಿನ ಮೇಲಿಟ್ಟು ಮೊಬೈಲಿಗೇ ಪಿಡಿಎಫ್ ಮಾಡಿ, ಅವರ ಅಪ್ಪ ಅಮ್ಮನಿಗೆ ಕಳಿಸುತ್ತೇನೆ.

"ಮಿಸ್, ನನ್ನ ಮೊಬೈಲಿಂದಾನೂ ಪ್ರಿಂಟ್ ಕೊಡಬಹುದಾ?" ಅಂತ ಒಬ್ಬ ಹುಡುಗ ಕೇಳಿದ. ಟ್ಯೂಷನ್ ಮಕ್ಕಳಿಗೆ ಕೊಟ್ಟಿರುವುದು ಗೆಸ್ಟ್ ವೈಫೈ, ಅಂದರೆ ಹೊರಗಿನವರಿಗೆ ಅಂತ ಅದೇ ರೂಟರ್ ಬಿಡುವ ಬೇರೆ ವೈಫೈ. ಸಾಮಾನ್ಯವಾಗಿ ಅದರಿಂದ ಮನೆಯ ಉಳಿದ ಯಂತ್ರಗಳು ಕಾಣುವುದಿಲ್ಲ, ಅದು ಹಾಗೇ ಇರಲಿ ಅಂತಲೇ ಬಿಟ್ಟಿದ್ದೇನೆ. "ಫೈಲ್ ನನಗೆ ವಾಟ್ಸಾಪ್ ಮಾಡಪ್ಪಾ, ನಾನೇ ತೆಗೆದುಕೊಡ್ತೀನಿ" ಅಂದೆ.