ಎಲ್‌ಇಡಿಯ ಜ್ವರವನ್ನು ಎಲ್‌ಇಡಿಯಿಂದಲೇ ಅಳೆದೆ

ಆಲ್ದೂರಿನ ಆಚೆಯ ಎಸ್ಟೇಟೊಂದರ ಕಾಫಿ ಕಣಕ್ಕೆ ನಾನು ಹಾಕಿಕೊಟ್ಟ ಹನ್ನೆರಡು ಸೋಲಾರ್ ದೀಪಗಳು ಈ ಕೊಯ್ಲು ಮುಗಿಯುವವರೆಗೂ ಉರಿದವು. ಒಂದೂ ವಾಪಸ್ ಬರಲಿಲ್ಲ. ಹಿಂದಿನ ವರ್ಷ ಅದೇ ಕಣದಿಂದ ಒಂಬತ್ತು ಬಂದಿದ್ದವು.

ಆಗ ಮಾಡಿದ್ದ ತಪ್ಪು ಇದು: 12 ವೋಲ್ಟ್ ಬ್ಯಾಟರಿಗೆ ಒಂದು ವಾಟ್‌ನ ನಾಲ್ಕು ಬಿಳಿ ಎಲ್‌ಇಡಿಗಳನ್ನು ಸರಣಿಯಲ್ಲಿ ನೇರವಾಗಿ ಕೊಟ್ಟಿದ್ದೆ. ಅಂಗಡಿಯ ಮೇಜಿನ ಮೇಲೆ ಮೀಟರ್ 250 ಮಿಲಿಆಂಪ್ ತೋರಿಸಿತು, ಲೆಕ್ಕ ಸರಿ ಎಂದುಕೊಂಡೆ. ಮುಚ್ಚಿದ ತಗಡಿನ ಡಬ್ಬಿಯೊಳಗೆ ಅರ್ಧ ಗಂಟೆ ಉರಿದ ಮೇಲೆ ಅದೇ ದೀಪ 600ರ ಹತ್ತಿರ ಎಳೆಯುತ್ತಿತ್ತು. ಬಿಸಿಯಾದಂತೆ ಎಲ್‌ಇಡಿ ಉರಿಯಲು ಬೇಕಾದ ವೋಲ್ಟೇಜ್ ಇಳಿಯುತ್ತದೆ, ಬ್ಯಾಟರಿಯದು ಇಳಿಯುವುದಿಲ್ಲ. ಕರೆಂಟ್ ಏರುತ್ತದೆ, ಇನ್ನಷ್ಟು ಬಿಸಿ, ಇನ್ನಷ್ಟು ಕರೆಂಟ್. ಒಂದು ಓಮ್ ರೆಸಿಸ್ಟರ್ ಹಾಕಿ ನೋಡಿದೆ, ಸಾಲಲಿಲ್ಲ. ಮಾಲು ಕಳಪೆ ಎಂದು ಎರಡು ಸಲ ಅಂಗಡಿ ಬದಲಿಸಿದೆ. ಓಡಾಟವೂ ಸೇರಿ ಮೂರೂವರೆ ಸಾವಿರ ಹೋಯಿತು. ಎಸ್ಟೇಟಿನ ರೈಟರ್ ಅವರ ಮುಂದೆ ತಲೆ ಎತ್ತಲಾಗಲಿಲ್ಲ.

ಎಲ್‌ಇಡಿಯೊಳಗೆ ಬೆಳಕು ಕೊಡುವ ಚಿಪ್ ಎಷ್ಟು ಬಿಸಿಯಾಗುತ್ತಿದೆ ಎಂದು ತಿಳಿಯದೆ ಗತಿಯಿರಲಿಲ್ಲ. ಇಳಿಯುವ ಆ ವೋಲ್ಟೇಜನ್ನೇ ಥರ್ಮಾಮೀಟರ್ ಮಾಡಿಕೊಳ್ಳುತ್ತೇನೆ ಎಂದಾಗ ಪಕ್ಕದ ಅಂಗಡಿಯ ಹಿರಿಯರು, "ಅದೆಲ್ಲ ಲ್ಯಾಬಿನ ಕೆಲಸ ಕಣಯ್ಯ, ನಮ್ಮ ಮೀಟರ್‌ಗೆ ಸಿಗುವುದಲ್ಲ" ಎಂದರು. ಸಿಕ್ಕಿತು. ಜನವರಿಯ ಚಳಿಗೆ ಹೆಪ್ಪುಗಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ಸ್ಟೀಲ್ ಲೋಟಕ್ಕೆ ಹಾಕಿ, ಬಿಸಿನೀರಿನಲ್ಲಿಟ್ಟು ಕರಗಿಸಿ, ಎಲ್‌ಇಡಿಯನ್ನೂ ಗಾಜಿನ ಥರ್ಮಾಮೀಟರನ್ನೂ ಒಟ್ಟಿಗೆ ಮುಳುಗಿಸಿದೆ. ಎಣ್ಣೆಯಲ್ಲಿ ಶಾರ್ಟ್ ಆಗುವ ಭಯವಿಲ್ಲ. ಒಂದೇ ಮಿಲಿಆಂಪ್ ಹರಿಸಿದರೆ ಎಲ್‌ಇಡಿ ತಾನಾಗಿ ಕಾಯುವುದಿಲ್ಲ. 25 ಡಿಗ್ರಿಯಿಂದ 75ಕ್ಕೆ ಹೋಗುವಷ್ಟರಲ್ಲಿ ಸುಮಾರು 100 ಮಿಲಿವೋಲ್ಟ್ ಇಳಿಯಿತು. ಡಿಗ್ರಿಗೆ ಎರಡು!

ಅದೇ ಎಲ್‌ಇಡಿಯನ್ನು ಹಳೆಯ ಡಬ್ಬಿಯಲ್ಲಿ ಉರಿಸಿ, ಒಡನೆಯೇ ಒಂದು ಮಿಲಿಆಂಪ್‌ಗೆ ಇಳಿಸಿ ಅಳೆದರೆ 170 ಮಿಲಿವೋಲ್ಟ್ ಇಳಿದಿತ್ತು, ಅಂದರೆ ಚಿಪ್ 110 ಡಿಗ್ರಿಯ ಆಸುಪಾಸು. ಪೂರ್ತಿ ಕರೆಂಟಿನಿಂದ ಒಂದು ಮಿಲಿಆಂಪ್‌ಗೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಬದಲಾಯಿಸದಿದ್ದರೆ ಚಿಪ್ ತಣಿದು ಅಳತೆ ಸುಳ್ಳಾಗುತ್ತದೆ. ಆ ಸ್ವಿಚ್ಚಿನ ಜೋಡಣೆ ನಾನೇ ಕಂಡುಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಲೋಟ ಕೈಯಲ್ಲಿದ್ದಾಗಲೇ ಕೆಂಪು ಎಲ್‌ಇಡಿಯನ್ನೂ ನೋಡಿದೆ. 20 ಮಿಲಿಆಂಪ್ ಬದಲಾಯಿಸದೆ ಮಂಜುಗಡ್ಡೆಯಲ್ಲಿಟ್ಟರೆ ಕಣ್ಣು ಕೋರೈಸುವಂತೆ ಉರಿಯಿತು, ಬಿಸಿ ಎಣ್ಣೆಗೆ ಇಳಿಸಿದೊಡನೆ ಕೆಂಡ ಬೂದಿ ಮುಚ್ಚಿದಂತೆ ಮಂಕಾಯಿತು. ಬಿಳಿಯದು ಇಷ್ಟು ಕುಗ್ಗುವುದಿಲ್ಲ. ಇಡೀ ಭಾನುವಾರ ಅದರಲ್ಲೇ ಕಳೆಯಿತು.

ಈಗ ಮೂರೇ ಎಲ್‌ಇಡಿ, ವೋಲ್ಟೇಜ್ ತಗ್ಗಿಸಿ ಕರೆಂಟನ್ನು 300 ಮಿಲಿಆಂಪ್‌ನಲ್ಲೇ ಹಿಡಿದಿಡುವ ಬಕ್ ಡ್ರೈವರ್, ಬೆನ್ನಿಗೆ ಗುಜರಿಯಲ್ಲಿ ಸಿಕ್ಕ ದಪ್ಪ ಅಲ್ಯೂಮಿನಿಯಂ ಪಟ್ಟಿ. ದೀಪಕ್ಕೆ ನೂರು ರೂಪಾಯಿ ಹೆಚ್ಚು ಬೀಳುತ್ತದೆ. ಅಳೆದರೆ 70 ಮಿಲಿವೋಲ್ಟ್ ಮಾತ್ರ ಇಳಿದಿರುತ್ತದೆ. ರೈಟರ್ ಮೊನ್ನೆ ಬಂದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಇನ್ನೂ ಆರು ದೀಪ ಹೇಳಿ, ಮುಂಗಡ ಕೊಟ್ಟು ಹೋದರು.