ಇಂಗ್ಲೆಂಡಲ್ಲಿ ಮಗುನ ನರ್ಸರಿಗೆ ಹಾಕೋಕೆ ಸರ್ಕಾರದ ದುಡ್ಡು ತಗೊಳ್ಳೋದು ಹೇಗೆ

ನನ್ನ ಸ್ನೇಹಿತೆಯೊಬ್ಬಳು ಇಲ್ಲಿ ಕೇರ್ ಹೋಮಲ್ಲಿ ಕೆಲಸ ಮಾಡ್ತಾಳೆ, ಗಂಡ ವೇರ್‌ಹೌಸಲ್ಲಿ. ಇಬ್ಬರಿಗೂ ಪರ್ಮನೆಂಟ್ ರೆಸಿಡೆನ್ಸಿ ಇದೆ, ಸಂಬಳ ಸಾಲಲ್ಲ ಅಂತ ಯೂನಿವರ್ಸಲ್ ಕ್ರೆಡಿಟ್ಟೂ (ಕಮ್ಮಿ ಆದಾಯದೋರಿಗೆ ಸರ್ಕಾರ ತಿಂಗಳು ತಿಂಗಳು ಕೊಡೋ ಸಹಾಯಧನ) ಬರುತ್ತೆ. ಆದ್ರೂ ನರ್ಸರಿ ದುಡ್ಡಲ್ಲಿ ಎರಡು ತಿಂಗಳದ್ದು ವಾಪಸ್ ಬರಲೇ ಇಲ್ಲ, ಯಾಕಂದ್ರೆ ಕಟ್ಟಿದ್ದನ್ನ ಸರ್ಕಾರಕ್ಕೆ ಸರಿಯಾದ ಟೈಮಿಗೆ ಹೇಳಿರಲಿಲ್ಲ. ಇದೇ ತಪ್ಪನ್ನ ಇನ್ನೂ ಮೂರ್ನಾಲ್ಕು ಮನೇಲಿ ನೋಡಿದೀನಿ, ಅದಕ್ಕೇ ಕೂತು ಬರೀತಿರೋದು. ಇದು ಇಂಗ್ಲೆಂಡಿನ ಲೆಕ್ಕ, ಸ್ಕಾಟ್‌ಲೆಂಡ್, ವೇಲ್ಸಲ್ಲಿ ನರ್ಸರಿ ಗಂಟೆಗಳ ನಿಯಮ ಬೇರೆ.

ಮೊದಲು ವೀಸಾ ನೋಡ್ಕೊಳ್ಳಿ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್' (ಸರ್ಕಾರದ ಸಹಾಯಧನ ತಗೊಳ್ಳೋ ಹಂಗಿಲ್ಲ) ಅಂತ ಇದ್ರೆ ಯೂನಿವರ್ಸಲ್ ಕ್ರೆಡಿಟ್‌ಗೆ ಕೈ ಹಾಕ್ಲೇಬೇಡಿ, ವೀಸಾ ಷರತ್ತು ಮುರಿದಂಗಾಗುತ್ತೆ. ಒಬ್ಬರಿಗೆ ಪರ್ಮನೆಂಟ್ ಆಗಿ ಇನ್ನೊಬ್ಬರು ವೀಸಾದಲ್ಲೇ ಇದ್ರೆ ಸಿಟಿಜನ್ಸ್ ಅಡ್ವೈಸ್ ಅನ್ನೋ ಸಲಹಾ ಸಂಸ್ಥೆಯಲ್ಲಿ ಕೇಳದೆ ಫಾರ್ಮ್ ತೆರೀಬೇಡಿ, ಅಲ್ಲಿ ಸಲಹೆ ಫ್ರೀ. 3 ಮತ್ತು 4 ವರ್ಷದ ಮಕ್ಕಳಿಗೆ ವಾರಕ್ಕೆ 15 ಗಂಟೆ ಫ್ರೀ ನರ್ಸರಿ ಮಾತ್ರ ಯಾವ ವೀಸಾದೋರಿಗೂ ಸಿಗುತ್ತೆ, ಅದನ್ನ ಬಿಡಬೇಡಿ.

ಇನ್ನು 30 ಗಂಟೆ ಫ್ರೀ ನರ್ಸರಿ. 2025ರ ಸೆಪ್ಟೆಂಬರ್‌ನಿಂದ ಕೆಲಸಕ್ಕೆ ಹೋಗೋ ಅಪ್ಪ ಅಮ್ಮನ ಮಕ್ಕಳಿಗೆ 9 ತಿಂಗಳಿಂದಲೇ ವಾರಕ್ಕೆ 30 ಗಂಟೆ ಇದೆ, ಆದ್ರೆ ವರ್ಷಕ್ಕೆ 38 ವಾರ ಮಾತ್ರ. ಇಬ್ಬರೂ ದುಡೀಬೇಕು, ಒಬ್ಬೊಬ್ಬರೂ ಕನಿಷ್ಠ ಕೂಲಿ ದರದಲ್ಲಿ ವಾರಕ್ಕೆ 16 ಗಂಟೆ ದುಡಿದಷ್ಟಾದ್ರೂ ಸಂಪಾದಿಸ್ಬೇಕು. 2025ರ ಏಪ್ರಿಲ್‌ನಲ್ಲಿ 21 ದಾಟಿದೋರಿಗೆ ಗಂಟೆಗೆ 12.21 ಪೌಂಡ್ ಆಯ್ತು, ಅಂದ್ರೆ ವಾರಕ್ಕೆ ಸುಮಾರು 195 ಪೌಂಡ್, ಪ್ರತಿ ಏಪ್ರಿಲ್ ಇದು ಬದಲಾಗುತ್ತೆ ಅದಕ್ಕೆ ಹೊಸ ದರ ನೋಡ್ಕೊಂಡೇ ಲೆಕ್ಕ ಹಾಕಿ.

ಅರ್ಜಿ ಆನ್‌ಲೈನಲ್ಲಿ, ಸರ್ಕಾರದ ವೆಬ್‌ಸೈಟಲ್ಲೇ, ಒಂದು ಪೆನ್ನಿ ಖರ್ಚಿಲ್ಲ. ದುಡ್ಡು ಕೊಡಿ ತುಂಬಿಕೊಡ್ತೀವಿ ಅನ್ನೋರು ಸಿಕ್ಕೇ ಸಿಗ್ತಾರೆ, ಬೇಡ, ನಿಮ್ಮ ಪಾಸ್‌ವರ್ಡ್ ಅವರ ಕೈಗೆ ಹೋಗುತ್ತೆ. ಫಾರ್ಮಲ್ಲಿ ಒಂದು ಜಾಗದಲ್ಲಿ ಮಾತ್ರ ಹುಷಾರು. ಅದೇ ಅರ್ಜಿಯಲ್ಲಿ 'ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್' (ನರ್ಸರಿ ಖರ್ಚಿಗೆ ಸರ್ಕಾರ ಸ್ವಲ್ಪ ದುಡ್ಡು ಸೇರಿಸೋ ಬೇರೆ ಯೋಜನೆ) ಬೇಕಾ ಅಂತಾನೂ ಇರುತ್ತೆ, ಅದು ಮತ್ತು ಯೂನಿವರ್ಸಲ್ ಕ್ರೆಡಿಟ್ ಎರಡೂ ಒಟ್ಟಿಗೆ ತಗೊಳ್ಳೋ ಹಂಗಿಲ್ಲ. ಸಿಗೋದನ್ನೆಲ್ಲಾ ತಗೊಳ್ಳೋಣ ಅಂತ ಟಿಕ್ ಮಾಡಿ ಆಮೇಲೆ ತಲೆ ಮೇಲೆ ಕೈ ಹೊತ್ಕೊಂಡೋರಿದ್ದಾರೆ. ಯೂನಿವರ್ಸಲ್ ಕ್ರೆಡಿಟ್ ಬರ್ತಿದ್ರೆ ನೀವು 30 ಗಂಟೆ ಒಂದನ್ನೇ ಕೇಳಿ.

11 ಅಂಕಿಯ ಕೋಡ್ ಬರುತ್ತೆ. ಸೆಪ್ಟೆಂಬರ್‌ಗೆ ಬೇಕಾದ್ರೆ ಆಗಸ್ಟ್ 31ರೊಳಗೆ, ಜನವರಿಗಾದ್ರೆ ಡಿಸೆಂಬರ್ 31, ಏಪ್ರಿಲ್‌ಗಾದ್ರೆ ಮಾರ್ಚ್ 31ರೊಳಗೆ ಕೋಡ್ ಕೈಯಲ್ಲಿರ್ಬೇಕು. ಒಂದು ದಿನ ತಡವಾದ್ರೂ ಇಡೀ ಟರ್ಮ್ ಹೋಯ್ತು. ಕೋಡನ್ನ ನರ್ಸರಿಗೆ ಕೊಡಿ. ಊಟ, ಡೈಪರ್ ದುಡ್ಡು ಅವರು ಕೇಳಬಹುದು ಆದ್ರೆ ಅದು ಕೊಟ್ರೇನೇ ಫ್ರೀ ಸೀಟು ಅನ್ನೋ ಹಂಗಿಲ್ಲ. ನಾನಂತೂ ಮನೆಯಿಂದಲೇ ಡಬ್ಬಿ ಕಳಿಸೋದು ಒಳ್ಳೇದು ಅಂತೀನಿ, ನಮ್ಮ ಮಕ್ಕಳು ಮೊಸರನ್ನ ತಿಂದೋರು.

ಈಗ ಎಲ್ಲರೂ ಎಡವೋ ಜಾಗ. 30 ಗಂಟೆ ಮುಗಿದ ಮೇಲೆ ನೀವು ಕಟ್ಟೋ ದುಡ್ಡಲ್ಲಿ 85 ಪರ್ಸೆಂಟ್ ತನಕ ಯೂನಿವರ್ಸಲ್ ಕ್ರೆಡಿಟ್ ಲೆಕ್ಕಕ್ಕೆ ಸೇರುತ್ತೆ, 2025-26ರಲ್ಲಿ ಒಂದು ಮಗುವಿಗೆ ತಿಂಗಳಿಗೆ ಹೆಚ್ಚೆಂದ್ರೆ 1,031.88 ಪೌಂಡ್, ಎರಡು ಅಥವಾ ಜಾಸ್ತಿ ಮಕ್ಕಳಿದ್ರೆ 1,768.94. 600 ಕಟ್ಟಿದ್ರೆ 510. ಇದಕ್ಕೆ 16 ಗಂಟೆಯ ಕಟ್ಟುಪಾಡಿಲ್ಲ, ವಾರಕ್ಕೆ 10 ಗಂಟೆ ಅಂಗಡಿ ಕೆಲಸ ಇದ್ರೂ ಸಾಕು. ಆದ್ರೆ ಸಂಬಳ ಜಾಸ್ತಿ ಆದಂಗೆ ಒಂದು ಮಿತಿ ದಾಟಿದ ಪ್ರತಿ ಪೌಂಡಿಗೆ 55 ಪೆನ್ಸ್ ಒಟ್ಟು ಕ್ರೆಡಿಟ್‌ನಿಂದ ಕಡಿತ ಆಗುತ್ತೆ, ಹಂಗಾಗಿ 510 ಪೂರ್ತಿ ಕಾಣಿಸ್ಲಿಲ್ಲ ಅಂತ ಗಾಬರಿ ಆಗ್ಬೇಡಿ.

ಈ ದುಡ್ಡು ತಾನಾಗೇ ಬರಲ್ಲ. ನರ್ಸರಿಗೆ ಬ್ಯಾಂಕಿಂದ ತಿಂಗಳು ತಿಂಗಳು ಹೋಗ್ತಿದೆ ಅಂದ್ರೆ ಸರ್ಕಾರಕ್ಕೂ ಗೊತ್ತು ಅಂದ್ಕೊಂಡಿದ್ಲು ನನ್ನ ಸ್ನೇಹಿತೆ. ಗೊತ್ತಿರಲ್ಲ. ಪ್ರತಿ ತಿಂಗಳೂ ನೀವೇ ಯೂನಿವರ್ಸಲ್ ಕ್ರೆಡಿಟ್ ಅಕೌಂಟಿಗೆ ಹೋಗಿ ಎಷ್ಟು ಕಟ್ಟಿದ್ರಿ, ಯಾವ ತಾರೀಖು, ಯಾವ ದಿನಗಳಿಗೆ ಅಂತ ತುಂಬಿ ರಸೀದಿ ಫೋಟೋ ಹಾಕ್ಬೇಕು. ರಸೀದೀಲಿ ನರ್ಸರಿ ಹೆಸರು, ಆಫ್‌ಸ್ಟೆಡ್ (ನರ್ಸರಿಗಳನ್ನ ತಪಾಸಣೆ ಮಾಡೋ ಸರ್ಕಾರಿ ಸಂಸ್ಥೆ) ರಿಜಿಸ್ಟ್ರೇಷನ್ ನಂಬರ್, ಮಗು ಹೆಸರು, ಮೊತ್ತ, 'ಕಟ್ಟಲಾಗಿದೆ' ಅನ್ನೋದು, ಇಷ್ಟೂ ಇದೆಯಾ ನೋಡಿ, ಬರೀ ಬಿಲ್ ಕಳಿಸಿದ್ರೆ ಕಟ್ಟಿದ ಸಾಕ್ಷಿ ಎಲ್ಲಿ ಅಂತ ಮತ್ತೆ ಕೇಳ್ತಾರೆ.

ತಾರೀಖಿನ ಲೆಕ್ಕ ಹಿಂಗೆ. ನಿಮ್ಮ ಅಸೆಸ್‌ಮೆಂಟ್ ಪೀರಿಯಡ್ (ಯೂನಿವರ್ಸಲ್ ಕ್ರೆಡಿಟ್ ಲೆಕ್ಕ ಹಾಕೋ ಒಂದು ತಿಂಗಳ ಅವಧಿ) 12ರಿಂದ ಮುಂದಿನ ತಿಂಗಳ 11ರವರೆಗೆ ಅಂದ್ಕೊಳ್ಳಿ. ಅಕ್ಟೋಬರ್ 1ಕ್ಕೆ ಕಟ್ಟಿದ್ರಿ. ಅಕ್ಟೋಬರ್ 11ರೊಳಗೆ ಹೇಳಿದ್ರೆ ಆ ತಿಂಗಳ ದುಡ್ಡಲ್ಲೇ ಸೇರುತ್ತೆ, ಕೊನೆ ಗಡುವು ಅದರ ಮುಂದಿನ ಪೀರಿಯಡ್ ಮುಗಿಯೋ ನವೆಂಬರ್ 11. ಅದೂ ದಾಟಿದ್ರೆ ತಡ ಆಗಿದ್ದಕ್ಕೆ ಒಪ್ಪೋಂಥ ಕಾರಣ ಕೊಡ್ಬೇಕು, ಗೊತ್ತಿರಲಿಲ್ಲ ಅಂದಿದ್ದಕ್ಕೆ ನನ್ನ ಸ್ನೇಹಿತೆಗೆ ಸಿಗಲಿಲ್ಲ. ಕಟ್ಟಿದ ದಿನಾನೇ ಹಾಕಿಬಿಡಿ, ನಾಳೆ ಅನ್ನಬೇಡಿ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟೋದೂ ಬೇಡ, ಅದನ್ನ ತಿಂಗಳುಗಳಿಗೆ ಹಂಚಿ ಕೊಡ್ತಾರೆ, ಅಲ್ಲಿತನಕ ನಿಮ್ಮ ಕೈ ಖಾಲಿ.

ಮೊದಲ ತಿಂಗಳು ಕಟ್ಟೋಕೇ ದುಡ್ಡಿಲ್ಲ ಅಂದ್ರೆ? 2023ರ ಜೂನ್‌ನಿಂದ ಹೊಸದಾಗಿ ಕೆಲಸಕ್ಕೆ ಸೇರೋರಿಗೆ, ಕೆಲಸದ ಗಂಟೆ ಜಾಸ್ತಿ ಮಾಡ್ಕೊಳ್ಳೋರಿಗೆ ಮುಂಗಡ ಸಹಾಯ ಇದೆ. ನಿಮ್ಮ ವರ್ಕ್ ಕೋಚ್‌ಗೆ (ಯೂನಿವರ್ಸಲ್ ಕ್ರೆಡಿಟ್ ಕಡೆಯಿಂದ ನಿಮ್ಮನ್ನ ನೋಡ್ಕೊಳ್ಳೋ ಅಧಿಕಾರಿ) ನಿಮ್ಮ ಆನ್‌ಲೈನ್ ಅಕೌಂಟಿನ ಮೆಸೇಜ್ ಜಾಗ ಆದ ಜರ್ನಲಲ್ಲಿ ಬರೆದು ಕೇಳಿ, ಫೋನಲ್ಲಿ ಹೇಳಿದ್ರೆ ನಿಮ್ಮ ಹತ್ರ ದಾಖಲೆ ಉಳಿಯಲ್ಲ. ಇದನ್ನ ಕೇಳೋಕೆ ನಾಚಿಕೆ ಪಡೋರು ತುಂಬಾ ಜನ, ನಾಚಿಕೆ ಯಾಕೆ, ದುಡಿಯೋಕೆ ಹೋಗ್ತಿರೋದಕ್ಕೇ ತಾನೇ ಕೊಡೋದು.

ಊರಿಂದ ಅಮ್ಮ ಬಂದು ಮನೇಲಿ ಮಗು ನೋಡ್ಕೊಂಡ್ರೆ ಅದಕ್ಕೆ ಕೊಟ್ಟ ದುಡ್ಡು ಲೆಕ್ಕಕ್ಕಿಲ್ಲ, ರಿಜಿಸ್ಟರ್ ಆದ ನರ್ಸರಿ ಅಥವಾ ಚೈಲ್ಡ್‌ಮೈಂಡರ್ (ತಮ್ಮ ಮನೇಲಿ ಬೇರೆಯವರ ಮಕ್ಕಳನ್ನ ನೋಡ್ಕೊಳ್ಳೋರು) ಆಗ್ಬೇಕು.

ಕೊನೇದಾಗಿ 30 ಗಂಟೆ ಕೋಡನ್ನ ಮೂರು ತಿಂಗಳಿಗೊಂದ್ಸಲ ಆನ್‌ಲೈನಲ್ಲಿ ಮತ್ತೆ ಕನ್ಫರ್ಮ್ ಮಾಡ್ಬೇಕು, ಐದು ನಿಮಿಷದ ಕೆಲಸ. ನೆನಪಿಸೋ ಮೆಸೇಜ್ ಬಂದ್ರೂ ನೂರೆಂಟರ ಮಧ್ಯೆ ಕಾಣಲ್ಲ. ಕೋಡ್ ಬಂದ ದಿನಾನೇ ಗಂಡ ಹೆಂಡತಿ ಇಬ್ಬರ ಫೋನಲ್ಲೂ ಗಡುವಿಗೆ ಎರಡು ವಾರ ಮುಂಚೆ ಅಲಾರಂ ಇಡಿ.